ಗಾಳಿಯಲ್ಲಿ ಗುಂಡಿಯಿಲ್ಲ: ವಿಮಾನ ಮತ್ತು ವಾಯುಪ್ರಕ್ಷುಬ್ಧತೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗೆ ವಿಮಾನವು ದೂರದ ವಸ್ತುವಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಅಲ್ಲಿನ ಅನೇಕ ಮನೆಗಳಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಬಂದ ತಂದೆಯೋ ಮಾವನೋ "ನಮ್ಮ ವಿಮಾನ ಏರ್ ಪಾಕೆಟ್‌ಗೆ ಬಿತ್ತು, ಜೀವ ಬಾಯಿಗೆ ಬಂತು" ಎಂದು ಹೇಳಿದ್ದನ್ನು ಮಗು ಮರುದಿನ ತರಗತಿಗೆ ತರುತ್ತದೆ. ಸೊಲ್ಲಾಪುರದಲ್ಲಿಯೋ ಆದೋನಿಯಲ್ಲಿಯೋ ಓದುವ ಮಗು ಅದೇ ಮಾತನ್ನು ದೂರದರ್ಶನದ ಸುದ್ದಿಯಲ್ಲಿ ಕೇಳಿರುತ್ತದೆ. ಎರಡೂ ಕಡೆ ಶಿಕ್ಷಕರ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಗಾಳಿಯಲ್ಲಿ ಗುಂಡಿ ಇರುತ್ತದೆಯೇ?

ಇರುವುದಿಲ್ಲ. ಗಾಳಿಯು ತನಗೆ ದೊರೆತ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ ಎಂದು ಕೆಳಗಿನ ತರಗತಿಗಳಲ್ಲಿಯೇ ಕಲಿಸಲಾಗಿರುತ್ತದೆ. ಗುಂಡಿಯನ್ನು ಒಪ್ಪಿಕೊಂಡರೆ ಆ ಪಾಠವನ್ನು ಅಳಿಸಿದಂತಾಗುತ್ತದೆ. ಆದರೆ "ಇಲ್ಲ" ಎಂದಷ್ಟೇ ಹೇಳಿ ಮುಂದೆ ಹೋಗುವುದೂ ಸರಿಯಲ್ಲ. ವಿಮಾನ ಕುಲುಕಿದ್ದು ನಿಜ, ಹೆದರಿಕೆ ನಿಜ, ಕೆಲವೊಮ್ಮೆ ಗಾಯವೂ ಸಾವೂ ನಿಜ. ಗುಂಡಿಯಿಲ್ಲದೆ ಅದೆಲ್ಲ ಹೇಗೆ ನಡೆಯಿತು ಎಂಬುದನ್ನು ವಿವರಿಸಬೇಕಾಗುತ್ತದೆ. ಎಂಟರಿಂದ ಹತ್ತನೆಯ ತರಗತಿಯವರೆಗಿನ ಚಲನೆ, ಬಲ ಮತ್ತು ಒತ್ತಡದ ಪಾಠಗಳಿಗೆ ಇದಕ್ಕಿಂತ ಉತ್ತಮವಾದ ಉದಾಹರಣೆ ಸಿಗುವುದು ಕಷ್ಟ.

ಆರು ಸಾವಿರ ಅಡಿಯೋ, ನೂರ ಎಪ್ಪತ್ತೆಂಟು ಅಡಿಯೋ

2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಬೋಯಿಂಗ್ 777 ವಿಮಾನವೊಂದು ಮ್ಯಾನ್ಮಾರ್ ದೇಶದ ಇರಾವದಿ ನದಿಯ ಬಯಲಿನ ಮೇಲೆ, 37,000 ಅಡಿ ಎತ್ತರದಲ್ಲಿ, ತೀವ್ರ ಪ್ರಕ್ಷುಬ್ಧತೆಗೆ ಸಿಲುಕಿತು. ಒಬ್ಬ ಪ್ರಯಾಣಿಕರು ಮೃತಪಟ್ಟರು, ಹಲವಾರು ಮಂದಿ ಗಾಯಗೊಂಡರು. ವಿಮಾನವನ್ನು ಬ್ಯಾಂಕಾಕಿನಲ್ಲಿ ಇಳಿಸಲಾಯಿತು. ಅದು ಕೆಲವೇ ನಿಮಿಷಗಳಲ್ಲಿ ಆರು ಸಾವಿರ ಅಡಿ ಕುಸಿಯಿತು ಎಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು.

ಸಿಂಗಪುರದ ಸಾರಿಗೆ ಸುರಕ್ಷತಾ ತನಿಖಾ ಸಂಸ್ಥೆಯು ವಿಮಾನದ ದತ್ತಾಂಶ ದಾಖಲೆಯನ್ನು ಪರಿಶೀಲಿಸಿ ಅದೇ ತಿಂಗಳ ಕೊನೆಯಲ್ಲಿ ಪ್ರಕಟಿಸಿದ ಪ್ರಾಥಮಿಕ ವಿವರ ಬೇರೆಯೇ ಆಗಿತ್ತು. ಮೊದಲು ಸುಮಾರು 19 ಸೆಕೆಂಡುಗಳ ಕಾಲ ವಿಮಾನ ಸಣ್ಣದಾಗಿ ಅದುರಿತು. ಅದೇ ವೇಳೆಯಲ್ಲಿ ಯಾರೂ ಏರಿಸದೆಯೇ ತಾನಾಗಿ 37,362 ಅಡಿಗೆ ಏರಿತು. ಬಳಿಕ 4.6 ಸೆಕೆಂಡುಗಳಲ್ಲಿ 37,184 ಅಡಿಗೆ ಇಳಿಯಿತು. ಇಳಿತ 178 ಅಡಿ, ಅಂದರೆ ಸುಮಾರು 54 ಮೀಟರು. ಸುದ್ದಿಯಲ್ಲಿ ಬಂದ ಆರು ಸಾವಿರ ಅಡಿಯ ಇಳಿತವು ಸುಮಾರು ಹದಿನೇಳು ನಿಮಿಷಗಳ ಅನಂತರ, ಬ್ಯಾಂಕಾಕಿನ ಕಡೆಗೆ ತಿರುಗಿದ ಚಾಲಕರು ತಾವೇ ನಿಯಂತ್ರಿಸಿ ಇಳಿಸಿದ್ದು. ಎರಡು ಬೇರೆ ಘಟನೆಗಳು ಒಂದೇ ವಾಕ್ಯದಲ್ಲಿ ಬೆರೆತುಹೋಗಿದ್ದವು.

ಹಾಗಾದರೆ ಕೇವಲ 54 ಮೀಟರು ಇಳಿದ ವಿಮಾನದಲ್ಲಿ ಅಷ್ಟೊಂದು ಹಾನಿ ಏಕಾಯಿತು? ಉತ್ತರವು ದೂರದಲ್ಲಿಲ್ಲ, ವೇಗೋತ್ಕರ್ಷದಲ್ಲಿದೆ. ನೆಲದ ಮೇಲೆ ನಿಶ್ಚಲವಾಗಿರುವ ಮಾಪಕವು 1 ಜಿ ತೋರಿಸುತ್ತದೆ. ಮುಕ್ತಪತನದಲ್ಲಿ ಅದು ಸೊನ್ನೆಗೆ ಬರುತ್ತದೆ. ಆ ವಿಮಾನದ ಮಾಪಕವು 0.6 ಸೆಕೆಂಡಿನಲ್ಲಿ +1.35ರಿಂದ −1.5ಕ್ಕೆ ಬದಲಾಯಿತು. ಋಣ ಚಿಹ್ನೆಯ ಅರ್ಥವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಬೇಕು: ವಿಮಾನವು ಬೀಳುವ ಕಲ್ಲಿಗಿಂತಲೂ ಬೇಗ ಕೆಳಕ್ಕೆ ತಳ್ಳಲ್ಪಟ್ಟಿತು. ಬೆಲ್ಟ್ ಕಟ್ಟಿಕೊಂಡವರನ್ನು ಆಸನವು ತನ್ನೊಡನೆ ಎಳೆದುಕೊಂಡಿತು. ಕಟ್ಟದಿದ್ದವರು ಜಡತ್ವದ ನಿಯಮದಂತೆ, ಗುರುತ್ವಕ್ಕೆ ಮಾತ್ರ ಒಳಪಟ್ಟು ಹಿಂದುಳಿದರು. ಅವರು ಮೇಲಕ್ಕೆ ಹಾರಿದರೆಂದು ನೋಡಿದವರಿಗೆ ತೋರುತ್ತದೆ. ಅಲ್ಲಿ ನಿಜವಾಗಿ ಕೆಳಗೆ ಬಂದದ್ದು ಛಾವಣಿ.

ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಬಹುದು. ಮಾಪಕವು −1.5 ಜಿ ತೋರಿಸುವಾಗ ವಿಮಾನದ ಕೆಳಮುಖ ವೇಗೋತ್ಕರ್ಷ 2.5 ಜಿ, ವ್ಯಕ್ತಿಯದು 1 ಜಿ. ವ್ಯತ್ಯಾಸ 1.5 ಜಿ, ಅಂದರೆ 14.7 ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕೆ. ಕುಳಿತವರ ತಲೆಗೂ ಛಾವಣಿಗೂ ಒಂದು ಮೀಟರು ಅಂತರವಿದೆ ಎಂದೂ ಅದೇ ವೇಗೋತ್ಕರ್ಷ ಉಳಿಯಿತು ಎಂದೂ ಭಾವಿಸಿದರೆ, ಛಾವಣಿ ತಲೆಯನ್ನು ಮುಟ್ಟಲು ಬೇಕಾಗುವ ಕಾಲ 0.37 ಸೆಕೆಂಡು. ಆಗಿನ ಸಾಪೇಕ್ಷ ವೇಗ ಗಂಟೆಗೆ ಸುಮಾರು 20 ಕಿಲೋಮೀಟರು. ರಭಸದಿಂದ ಸೈಕಲ್ ತುಳಿಯುತ್ತಿದ್ದವನು ತಲೆಯನ್ನು ಗೋಡೆಗೆ ಹೊಡೆದುಕೊಂಡಂತೆ. ವಾಸ್ತವದಲ್ಲಿ ಆ ಮೌಲ್ಯ ಕ್ಷಣಮಾತ್ರ ಇದ್ದುದರಿಂದ ಈ ಲೆಕ್ಕವನ್ನು ಗರಿಷ್ಠ ಅಂದಾಜು ಎಂದು ತಿಳಿಯಬೇಕು. ಆದರೂ ಒಂದು ವಿಷಯ ಸ್ಪಷ್ಟವಾಗುತ್ತದೆ: ಛಾವಣಿ ಬರುವುದನ್ನು ಕಂಡು ಕೈ ಎತ್ತಿ ತಡೆಯುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಬೆಲ್ಟ್ ಕಟ್ಟುವ ಸೂಚನೆಯ ದೀಪ ಹೊತ್ತಿದೆ ಎಂದು ಚಾಲಕರು ಹೇಳಿದ್ದು ಆ ಹಠಾತ್ ಬದಲಾವಣೆಗೆ ಎಂಟು ಸೆಕೆಂಡು ಮೊದಲು ಮಾತ್ರ.

ಮುಂದಿನ ನಾಲ್ಕು ಸೆಕೆಂಡುಗಳಲ್ಲಿ ಮಾಪಕವು −1.5ರಿಂದ +1.5ಕ್ಕೆ ಮರಳಿತು. ಮೇಲಿದ್ದವರು ಆಗ ಕೆಳಗೆ ಬಿದ್ದರು.

ರೆಕ್ಕೆಗೆ ತಿಳಿಯುವ ಎರಡು ಡಿಗ್ರಿ

ಗುಂಡಿಯಿಲ್ಲದಿದ್ದರೆ ವಿಮಾನವನ್ನು ಕೆಳಗೆ ತಳ್ಳಿದ್ದು ಯಾವುದು? ಮೇಲಕ್ಕೆ ಮತ್ತು ಕೆಳಕ್ಕೆ ಚಲಿಸುತ್ತಿದ್ದ ಗಾಳಿಯೇ. ರೆಕ್ಕೆಯನ್ನು ಮೇಲೆತ್ತುವ ಬಲವು, ರೆಕ್ಕೆ ತನ್ನೆದುರಿನ ಗಾಳಿಗೆ ಯಾವ ಕೋನದಲ್ಲಿ ಒಡ್ಡಿಕೊಂಡಿದೆ ಎಂಬುದನ್ನು ಅವಲಂಬಿಸಿದೆ. ಪ್ರಯಾಣದ ಎತ್ತರದಲ್ಲಿ ಈ ಕೋನ ಕೆಲವೇ ಡಿಗ್ರಿಗಳಷ್ಟಿರುತ್ತದೆ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಹೋಗುವ ವಿಮಾನಕ್ಕೆ ಸೆಕೆಂಡಿಗೆ 10 ಮೀಟರ್ ವೇಗದ ಕೆಳಮುಖ ಗಾಳಿ ಎದುರಾದರೆ ಕೋನವು ಸುಮಾರು 2.3 ಡಿಗ್ರಿ ಕಡಿಮೆಯಾಗುತ್ತದೆ. ಕೆಲವೇ ಡಿಗ್ರಿಗಳಲ್ಲಿ ಎರಡು ಡಿಗ್ರಿ ಹೋದರೆ ಉಳಿಯುವುದೆಷ್ಟು? ಎತ್ತುವ ಬಲದ ದೊಡ್ಡ ಪಾಲು ಒಮ್ಮೆಗೇ ಇಲ್ಲವಾಗುತ್ತದೆ. ತ್ರಿಕೋನಮಿತಿಯನ್ನು ಈಗಷ್ಟೇ ಕಲಿತ ಹತ್ತನೆಯ ತರಗತಿಯ ವಿದ್ಯಾರ್ಥಿ ಇದನ್ನು ತಾನೇ ಕಂಡುಹಿಡಿಯಬಲ್ಲ.

ವಿಮಾನಶಾಸ್ತ್ರ ಈ ಸಮಸ್ಯೆಯನ್ನು ತನ್ನ ಬಾಲ್ಯದಲ್ಲಿಯೇ ಎದುರಿಸಿತು. ಅಮೆರಿಕದಲ್ಲಿ ವಿಮಾನ ಸಂಶೋಧನೆಗಾಗಿ 1915ರಲ್ಲಿ ಸ್ಥಾಪನೆಯಾದ, ಇಂದಿನ ನಾಸಾದ ಪೂರ್ವರೂಪವಾದ ನಾಕಾ ಎಂಬ ಸಲಹಾ ಸಮಿತಿಯು ಪ್ರಕಟಿಸಿದ ಮೊತ್ತಮೊದಲ ತಾಂತ್ರಿಕ ವರದಿಯ ವಿಷಯವೇ ಬೀಸುಗಾಳಿಯ ಹೊಡೆತಕ್ಕೆ ವಿಮಾನ ಹೇಗೆ ವರ್ತಿಸುತ್ತದೆ ಎಂಬುದು. ಹನ್ಸೇಕರ್ ಮತ್ತು ವಿಲ್ಸನ್ ಅದರ ಕರ್ತೃಗಳು. ಇಂದಿನ ದೊಡ್ಡ ಪ್ರಯಾಣಿಕ ವಿಮಾನಗಳ ಕಟ್ಟಡವನ್ನು ಕನಿಷ್ಠ +2.5 ಜಿಯಿಂದ −1 ಜಿಯವರೆಗಿನ ಹೊರೆಗೆ ರೂಪಿಸಿ, ಅದರ ಒಂದೂವರೆ ಪಟ್ಟು ಹೊರೆಯನ್ನು ಮುರಿಯದೆ ತಾಳಬೇಕೆಂಬ ನಿಯಮವಿದೆ. ಬೋಯಿಂಗ್ 787ರ ರೆಕ್ಕೆಗಳನ್ನು 2010ರಲ್ಲಿ ಪರೀಕ್ಷಾಗಾರದಲ್ಲಿ ಸುಮಾರು 25 ಅಡಿ ಮೇಲಕ್ಕೆ ಬಾಗಿಸಿ ಪರೀಕ್ಷಿಸಲಾಯಿತು. ಕಿಟಕಿಯ ಪಕ್ಕ ಕುಳಿತ ಪ್ರಯಾಣಿಕರು ರೆಕ್ಕೆ ಬಳುಕುವುದನ್ನು ನೋಡಿ ಗಾಬರಿಯಾಗುತ್ತಾರೆ. ಬಳುಕುವ ರೆಕ್ಕೆಯು ಬಿದಿರಿನಂತೆ ಹೊಡೆತವನ್ನು ತಾನು ನುಂಗಿಕೊಳ್ಳುತ್ತಿರುತ್ತದೆ.

ಈ ಭರವಸೆ ಸುಲಭವಾಗಿ ಬಂದದ್ದಲ್ಲ. 1964ರ ಜನವರಿ 10ರಂದು ಕೆಳಮಟ್ಟದ ಪ್ರಕ್ಷುಬ್ಧತೆಯನ್ನು ಅಳೆಯಲೆಂದೇ ಉಪಕರಣಗಳನ್ನು ಹೊತ್ತು ಹೊರಟಿದ್ದ ಬಿ-52 ವಿಮಾನವು ಅಮೆರಿಕದ ಕೊಲೊರಾಡೊ ಬೆಟ್ಟಗಳ ಬಳಿ ತನ್ನ ಬಾಲದ ಲಂಬ ರೆಕ್ಕೆಯ ಬಹುಭಾಗವನ್ನು ಕಳೆದುಕೊಂಡಿತು. ಚಾಲಕರು ಹಲವು ಗಂಟೆ ಅದನ್ನು ಹಾಗೆಯೇ ಹಾರಿಸಿ ಸುರಕ್ಷಿತವಾಗಿ ಇಳಿಸಿದರು. ಎರಡು ವರ್ಷಗಳ ಬಳಿಕ, 1966ರ ಮಾರ್ಚ್ 5ರಂದು, ಟೋಕಿಯೊದಿಂದ ಹಾಂಗ್‌ಕಾಂಗ್‌ಗೆ ಹೊರಟ ಬೋಯಿಂಗ್ 707ಕ್ಕೆ ಆ ಅದೃಷ್ಟವಿರಲಿಲ್ಲ. ತಿಳಿಯಾದ ಆಕಾಶದಲ್ಲಿ ಫೂಜಿ ಪರ್ವತದ ಬಳಿ ಅದು ಗಾಳಿಯಲ್ಲಿಯೇ ಒಡೆದುಹೋಯಿತು. ಒಳಗಿದ್ದ 124 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಶೋಧಕ್ಕೆ ಹೋದ ನೌಕಾಪಡೆಯ ಸಣ್ಣ ಜೆಟ್ ವಿಮಾನವೊಂದರ ಮಾಪಕವು ಅದೇ ಪ್ರದೇಶದಲ್ಲಿ +9ರಿಂದ −4 ಜಿಯವರೆಗೆ ಓಲಾಡಿತು. ಹೊಳೆಯ ನಡುವಿನ ಬಂಡೆಯ ಹಿಂದೆ ನೀರು ಕುದಿಯುವಂತೆ ಏಕಾಂಗಿ ಪರ್ವತದ ಮರೆಯಲ್ಲಿ ಗಾಳಿ ಕುದಿಯುತ್ತದೆ, ಮೋಡವಿಲ್ಲದಿದ್ದರೆ ಅದು ಕಣ್ಣಿಗೆ ಕಾಣುವುದೂ ಇಲ್ಲ ಎಂಬುದು ಆ ದುರಂತದಿಂದ ಎಲ್ಲರ ಗಮನಕ್ಕೆ ಬಂದಿತು.

ಸುಳಿ ಎಂಬ ಮಾತು

ಪಾರಿಭಾಷಿಕ ಪದದ ವಿಷಯವನ್ನು ಇಲ್ಲಿಯೇ ಹೇಳುವುದು ಒಳಿತು. ಪಠ್ಯಪುಸ್ತಕಗಳಲ್ಲಿ ‘ಪ್ರಕ್ಷುಬ್ಧ ಪ್ರವಾಹ’ ಎಂಬ ಪದ ಬಳಕೆಯಲ್ಲಿದೆ. ಅದು ಶುದ್ಧವಾದ ಪದವೇ. ಪರೀಕ್ಷೆಯಲ್ಲಿ ಬರೆಯಲು ಅದೇ ಬೇಕು. ಆದರೆ ಅದನ್ನು ಕೇಳಿದ ಮಗುವಿನ ಕಣ್ಣ ಮುಂದೆ ಯಾವ ಚಿತ್ರವೂ ಮೂಡುವುದಿಲ್ಲ. ‘ಸುಳಿ’ ಎಂದರೆ ಮೂಡುತ್ತದೆ. ಹೊಳೆಯ ಸುಳಿ, ಬೇಸಿಗೆಯ ಸುಳಿಗಾಳಿ, ಕೂಸಿನ ನೆತ್ತಿಯ ಸುಳಿ ಎಲ್ಲವೂ ಮಗುವಿಗೆ ಗೊತ್ತು. ಗಡಿನಾಡಿನ ಶಿಕ್ಷಕರಿಗೆ ಇನ್ನೊಂದು ಅನುಕೂಲವಿದೆ. ಹಳಗನ್ನಡದ ‘ಸುೞಿ’ಯೂ ತಮಿಳಿನ ‘ಸುೞಿ’, ಮಲಯಾಳದ ‘ಚುೞಿ’, ತೆಲುಗಿನ ‘ಸುಡಿ’ಗಳೂ ಒಂದೇ ಬೇರಿನವು. ತಾಳವಾಡಿಯ ಮಗುವಾಗಲಿ ಮಡಕಶಿರದ ಮಗುವಾಗಲಿ ಬೀದಿಯಲ್ಲಿ ಕೇಳುವ ರಾಜ್ಯಭಾಷೆಯ ಪದದಿಂದಲೇ ವಿಜ್ಞಾನದ ಈ ಕಲ್ಪನೆಗೆ ಬರಬಲ್ಲದು. ಮೊದಲು ಸುಳಿ, ಆಮೇಲೆ ಪ್ರಕ್ಷುಬ್ಧತೆ. ಈ ಕ್ರಮವನ್ನು ತಿರುಗಿಸಿದರೆ ಮಗು ಪದವನ್ನು ಬಾಯಿಪಾಠ ಮಾಡುತ್ತದೆ, ವಿಷಯವನ್ನು ಕಾಣುವುದಿಲ್ಲ.

ಪ್ರವಾಹಗಳಲ್ಲಿ ಎರಡು ಬಗೆಯೆಂದು ಪ್ರಯೋಗದಿಂದ ತೋರಿಸಿಕೊಟ್ಟವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಾಧ್ಯಾಪಕರಾಗಿದ್ದ ಆಸ್ಬರ್ನ್ ರೆನಾಲ್ಡ್ಸ್. 1883ರಲ್ಲಿ ಪ್ರಕಟವಾದ ಅವರ ಪ್ರಯೋಗ ಸರಳವಾದುದು. ಗಾಜಿನ ನಳಿಗೆಯಲ್ಲಿ ನೀರು ಹರಿಸಿ, ಅದರ ನಡುವೆ ಬಣ್ಣದ ಎಳೆಯೊಂದನ್ನು ಬಿಟ್ಟರು. ನೀರು ನಿಧಾನವಾಗಿ ಹರಿಯುವಾಗ ಎಳೆಯು ದಾರದಂತೆ ನೇರವಾಗಿತ್ತು. ವೇಗ ಒಂದು ಮಿತಿಯನ್ನು ದಾಟಿದಾಗ ಎಳೆ ಒಡೆದು, ಸುಳಿಸುಳಿಯಾಗಿ, ನಳಿಗೆಯ ತುಂಬ ಬಣ್ಣ ಹರಡಿತು. ವೇಗ, ನಳಿಗೆಯ ಅಗಲ ಹಾಗೂ ದ್ರವದ ಸ್ನಿಗ್ಧತೆ ಇವುಗಳಿಂದ ಕಟ್ಟಿದ ಒಂದು ಸಂಖ್ಯೆಯೇ ಈ ಮಿತಿಯನ್ನು ನಿರ್ಧರಿಸುತ್ತದೆ ಎಂದು ಅವರು ಕಂಡರು. ಇಂದು ಅದಕ್ಕೆ ರೆನಾಲ್ಡ್ಸ್ ಸಂಖ್ಯೆ ಎಂದು ಹೆಸರು. ನಳಿಗೆಯಲ್ಲಿ ಈ ಸಂಖ್ಯೆ ಎರಡು ಸಾವಿರದ ಆಸುಪಾಸು ದಾಟಿದ ಮೇಲೆ ಪ್ರವಾಹದ ನೆಮ್ಮದಿ ಕೆಡುತ್ತದೆ. ದೊಡ್ಡ ವಿಮಾನದ ರೆಕ್ಕೆಯ ವಿಷಯದಲ್ಲಿ ಅದು ಕೋಟಿಗಳಲ್ಲಿರುತ್ತದೆ.

ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗುತ್ತದೆ, ಅವು ಒಡೆದು ಇನ್ನೂ ಸಣ್ಣವಾಗುತ್ತವೆ, ಕೊನೆಗೆ ಸ್ನಿಗ್ಧತೆಯು ಅವುಗಳ ಶಕ್ತಿಯನ್ನು ಉಷ್ಣವಾಗಿಸಿ ಇಲ್ಲವಾಗಿಸುತ್ತದೆ. 1922ರಲ್ಲಿ ಈ ಚಿತ್ರವನ್ನು ಕೊಟ್ಟವರು ಲೂಯಿಸ್ ಫ್ರೈ ರಿಚರ್ಡ್‌ಸನ್. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರಾದ ಅವರು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ವಾಹನ ನಡೆಸುತ್ತ, ಬಿಡುವಿನಲ್ಲಿ ಹವಾಮಾನ ಮುನ್ಸೂಚನೆಯ ಗಣಿತ ಮಾಡುತ್ತಿದ್ದರು. ರಷ್ಯಾದ ಗಣಿತಜ್ಞ ಕೊಲ್ಮೊಗೊರೋವ್ 1941ರಲ್ಲಿ ಈ ಚಿತ್ರಕ್ಕೆ ಅಳತೆ ಕೊಟ್ಟರು. ಶಕ್ತಿ ಯಾವ ದರದಲ್ಲಿ ದೊಡ್ಡ ಸುಳಿಯಿಂದ ಸಣ್ಣದಕ್ಕೆ ಇಳಿದು ನಾಶವಾಗುತ್ತದೆ ಎಂಬುದೊಂದು ತಿಳಿದರೆ, ನಡುವಣ ಗಾತ್ರದ ಸುಳಿಗಳ ಬಗ್ಗೆ ಸರಾಸರಿಯಾಗಿ ಬಹಳಷ್ಟನ್ನು ಹೇಳಬಹುದು ಎಂಬುದು ಅವರ ಸಿದ್ಧಾಂತದ ತಿರುಳು. ಒಂದೊಂದು ಸುಳಿಯೂ ಎಲ್ಲಿ ಹುಟ್ಟಿ ಎತ್ತ ತಿರುಗುತ್ತದೆ ಎಂದು ಮೊದಲೇ ಹೇಳುವುದು ಇಂದಿಗೂ ಸಾಧ್ಯವಿಲ್ಲ. ಸರಾಸರಿಯನ್ನು ಹೇಳುವುದು ಸಾಧ್ಯ. ಪ್ರಕ್ಷುಬ್ಧತೆಯ ವಿಜ್ಞಾನವೆಲ್ಲ ಈ ಎರಡರ ನಡುವೆ ನಿಂತಿದೆ.

ಎಲ್ಲ ಗಾತ್ರದ ಸುಳಿಗಳೂ ವಿಮಾನವನ್ನು ಕುಲುಕುವುದಿಲ್ಲ. ಹಳ್ಳಿಯ ರಸ್ತೆಯಲ್ಲಿ ಸೈಕಲ್ ತುಳಿಯುವ ಮಗುವಿಗೆ ಇದರ ಅನುಭವವಿದೆ. ಉದ್ದನೆಯ ಏರಿಳಿತವನ್ನು ಸೈಕಲ್ ಹಾಯಾಗಿ ಹತ್ತಿ ಇಳಿಯುತ್ತದೆ. ಮರಳಿನ ಕಣಗಳು ಚಕ್ರಕ್ಕೆ ತಿಳಿಯುವುದೇ ಇಲ್ಲ. ಎತ್ತಿ ಹಾಕುವುದು ಚಕ್ರದ ಗಾತ್ರದ ಹಳ್ಳ. ದೊಡ್ಡ ವಿಮಾನಕ್ಕೆ ಅಂಥ ಹಳ್ಳವೆಂದರೆ ಸುಮಾರು ನೂರು ಮೀಟರಿನಿಂದ ಒಂದು ಕಿಲೋಮೀಟರಿನಷ್ಟು ಅಗಲದ ಸುಳಿ.

ಅವು ಹುಟ್ಟುವ ಬಗೆಗಳು ಹಲವು. ಕಾದ ನೆಲದಿಂದ ಏರುವ ಬಿಸಿಗಾಳಿ ಮತ್ತು ಗುಡುಗು ಮೋಡಗಳು ಒಂದು ಬಗೆ. ಮೇಲೆ ಹೇಳಿದ 2024ರ ಘಟನೆಯಲ್ಲಿ ವಿಮಾನವು ಅಂಥ ಮೋಡಗಳು ಬೆಳೆಯುತ್ತಿದ್ದ ಪ್ರದೇಶದ ಮೇಲಿದ್ದಿರಬೇಕು ಎಂದು ಪ್ರಾಥಮಿಕ ವರದಿ ಹೇಳಿದೆ. ಪರ್ವತಗಳದು ಇನ್ನೊಂದು ಬಗೆ. ಮೂರನೆಯದು ಎತ್ತರದಲ್ಲಿ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆಯ ಅಂಚು. ಅಲ್ಲಿ ವೇಗವಾದ ಗಾಳಿಯ ಪದರ ನಿಧಾನದ ಪದರದ ಮೇಲೆ ಜಾರುತ್ತದೆ. ಕೆರೆಯ ನೀರಿನ ಮೇಲೆ ಗಾಳಿ ಬೀಸಿದಾಗ ಅಲೆ ಏಳುವಂತೆ ಈ ಪದರಗಳ ನಡುವೆಯೂ ಅಲೆ ಎದ್ದು ಸುಳಿಯಾಗಿ ಮಗುಚುತ್ತದೆ. ಕೆಳಗಿನ ಗಾಳಿ ಭಾರ, ಮೇಲಿನದು ಹಗುರ ಎಂಬ ಸ್ಥಿರತೆ ಪದರಗಳನ್ನು ಹಿಡಿದಿಡಲು ನೋಡುತ್ತದೆ. ವೇಗದ ವ್ಯತ್ಯಾಸ ಒಡೆಯಲು ನೋಡುತ್ತದೆ. ಈ ಜಗ್ಗಾಟದ ಅಳತೆಗೂ ರಿಚರ್ಡ್‌ಸನ್ನರದೇ ಹೆಸರಿದೆ. ಅವರ ಸಂಖ್ಯೆ ಕಾಲುಭಾಗಕ್ಕಿಂತ ಕೆಳಗಿಳಿದರೆ ಪದರಗಳು ಒಡೆಯಬಹುದು. ವಿಮಾನದ ರೆಕ್ಕೆಯ ತುದಿಯೂ ತನ್ನ ಹಿಂದೆ ಸುಳಿಗಳ ಜೋಡಿಯೊಂದನ್ನು ಬಿಟ್ಟುಹೋಗುತ್ತದೆ. ಆದ್ದರಿಂದಲೇ ಭಾರಿ ವಿಮಾನದ ಹಿಂದೆ ಇಳಿಯುವ ಮಧ್ಯಮ ತೂಕದ ವಿಮಾನವು ಸಾಮಾನ್ಯವಾಗಿ ಐದು ನಾವಿಕ ಮೈಲಿ, ಎಂದರೆ ಒಂಬತ್ತು ಕಿಲೋಮೀಟರಿಗೂ ಹೆಚ್ಚು, ಅಂತರ ಕಾಯ್ದುಕೊಳ್ಳುತ್ತದೆ.

ಮೈಗೆ ಅಂಟಿದ ಸುಳಿ

ಇದುವರೆಗೆ ಹೇಳಿದ್ದು ಹೊರಗಿನ ಗಾಳಿಯ ಮಾತು. ವಿಮಾನಶಾಸ್ತ್ರಜ್ಞರ ಹೆಚ್ಚಿನ ಶ್ರಮ ವ್ಯಯವಾದದ್ದು ಇನ್ನೊಂದು ಪ್ರಕ್ಷುಬ್ಧತೆಯ ಮೇಲೆ. ಅದು ವಿಮಾನದ ಮೈಗೆ ಅಂಟಿಕೊಂಡ ತೆಳುವಾದ ಗಾಳಿಯ ಪದರದಲ್ಲಿರುತ್ತದೆ. ಪ್ರಯಾಣಿಕರಿಗೆ ಅದು ಎಂದೂ ಗೊತ್ತಾಗುವುದಿಲ್ಲ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಗುರುತಿಸಿದ ಈ ಮೇರೆಪದರದಲ್ಲಿ ಗಾಳಿಯ ವೇಗವು ಮೈಯ ಬಳಿ ಸೊನ್ನೆಯಿಂದ ಆರಂಭವಾಗಿ ಹೊರಗಿನ ವೇಗಕ್ಕೆ ಏರುತ್ತದೆ. ಪದರ ನೆಮ್ಮದಿಯಾಗಿದ್ದರೆ ಘರ್ಷಣೆ ಕಡಿಮೆ, ಸುಳಿಗಟ್ಟಿದರೆ ಹೆಚ್ಚು. ಇಂಧನದ ಖರ್ಚು ಇದನ್ನು ಅವಲಂಬಿಸಿದೆ.

ಹಾಗಾದರೆ ಸುಳಿ ಯಾವಾಗಲೂ ಶತ್ರುವೇ? ಪ್ಯಾರಿಸಿನ ಗೋಪುರ ಕಟ್ಟಿಸಿದ ಐಫೆಲ್ ತಮ್ಮ ವಾಯುಸುರಂಗದಲ್ಲಿ ಗೋಳಗಳ ಮೇಲಿನ ಗಾಳಿಯ ಎಳೆತವನ್ನು ಅಳೆದಾಗ, ಪ್ರಾಂಟ್ಲರ ಗಟ್ಟಿಂಗೆನ್ ಪ್ರಯೋಗಾಲಯದ ಅಳತೆಗಿಂತ ಅರ್ಧಕ್ಕೂ ಕಡಿಮೆ ಬಂದಿತು. ಐಫೆಲ್ ಎಡವಿದ್ದಾರೆಂದು ಅಲ್ಲಿನವರು ಭಾವಿಸಿದರು. ಐಫೆಲ್ ಎಡವಿರಲಿಲ್ಲ, ಅವರು ಹೆಚ್ಚಿನ ವೇಗದಲ್ಲಿ ಅಳೆದಿದ್ದರು. ಪ್ರಾಂಟ್ಲ್ 1914ರಲ್ಲಿ ಗೋಳದ ಮುಂಭಾಗಕ್ಕೆ ತೆಳುವಾದ ತಂತಿಯ ಬಳೆಯೊಂದನ್ನು ತೊಡಿಸಿದರು. ನಯವಾದ ಮೈಗೆ ಅಡ್ಡಿ ತಂದರೆ ಎಳೆತ ಹೆಚ್ಚಬೇಕೆಂದು ಯಾರಿಗಾದರೂ ತೋರುತ್ತದೆ. ಎಳೆತ ತಗ್ಗಿತು. ತಂತಿಯು ಮೇರೆಪದರವನ್ನು ಸುಳಿಗಟ್ಟಿಸಿತ್ತು. ಸುಳಿಗಳು ಹೊರಗಿನ ವೇಗದ ಗಾಳಿಯನ್ನು ಒಳಕ್ಕೆ ಎಳೆದು ತಂದು ಪದರಕ್ಕೆ ಕಸುವು ಕೊಟ್ಟಿದ್ದವು. ಕಸುವುಳ್ಳ ಪದರ ಗೋಳದ ಬೆನ್ನಿನವರೆಗೂ ಅಂಟಿಕೊಂಡು ಹೋಗಿ ತಡವಾಗಿ ಬೇರ್ಪಟ್ಟಿತು. ಹಿಂದಿನ ಸೆಳವು ಕಿರಿದಾಯಿತು.

ಇದನ್ನು ಮಕ್ಕಳು ಮೈದಾನದಲ್ಲಿ ದಿನವೂ ಕಾಣುತ್ತಾರೆ. ಕ್ರಿಕೆಟ್ ಚೆಂಡಿನ ಹೊಲಿಗೆ ಆ ತಂತಿಯ ಕೆಲಸವನ್ನೇ ಮಾಡುತ್ತದೆ. ಹೊಲಿಗೆಯನ್ನು ಓರೆಯಾಗಿಟ್ಟು ಎಸೆದಾಗ ಒಂದು ಬದಿಯ ಪದರ ಸುಳಿಗಟ್ಟಿ ತಡವಾಗಿ ಬಿಡುತ್ತದೆ, ನುಣುಪಾದ ಇನ್ನೊಂದು ಬದಿಯದು ಬೇಗ ಬಿಡುತ್ತದೆ. ಎರಡು ಬದಿಯ ಒತ್ತಡ ಸಮವಾಗಿರದೆ ಚೆಂಡು ಹೊಲಿಗೆ ತೋರುವ ಕಡೆಗೆ ಬಾಗುತ್ತದೆ. ಅನೇಕ ವಿಮಾನಗಳ ರೆಕ್ಕೆಯ ಮೇಲೆ ಸಾಲಾಗಿ ನಿಲ್ಲಿಸಿದ ಬೆರಳುದ್ದದ ಲೋಹದ ಹಾಳೆಗಳ ಉದ್ದೇಶವೂ ಸುಳಿ ಎಬ್ಬಿಸಿ ಗಾಳಿಯನ್ನು ರೆಕ್ಕೆಗೆ ಅಂಟಿಸಿಡುವುದೇ. ಮಕ್ಕಳಿಗೆ ಚಿತ್ರ ತೋರಿಸಿ, ನುಣ್ಣನೆಯ ರೆಕ್ಕೆಗೆ ಇವು ಏಕೆ ಎಂದು ಕೇಳಿದರೆ ಪಾಠ ತಾನಾಗಿ ನಡೆಯುತ್ತದೆ.

ನೆಮ್ಮದಿಯ ಪದರ ಸುಳಿಗಟ್ಟುವ ಆ ನಡುವಣ ಘಟ್ಟದ ಅಧ್ಯಯನದಲ್ಲಿ ಬೆಂಗಳೂರಿಗೆ ವಿಶಿಷ್ಟವಾದ ಸ್ಥಾನವಿದೆ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ನರ ಬಳಿ ಮೇಲ್ಮೈ ಘರ್ಷಣೆಯನ್ನು ನೇರವಾಗಿ ಅಳೆಯುವ ಕೆಲಸ ಮಾಡಿದ ಸತೀಶ್ ಧವನ್ 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಕೈಕೆಳಗೆ ಸಂಶೋಧನೆ ಆರಂಭಿಸಿದ ತರುಣರಲ್ಲಿ ರೊದ್ದಂ ನರಸಿಂಹ ಒಬ್ಬರು. ನೆಮ್ಮದಿಯ ಪದರ ಒಮ್ಮೆಗೇ ಕೆಡುವುದಿಲ್ಲ. ಅದರಲ್ಲಿ ಅಲ್ಲಲ್ಲಿ ಸುಳಿಯ ಮಚ್ಚೆಗಳು ಹುಟ್ಟಿ, ಹಿಗ್ಗುತ್ತ, ಒಂದರೊಡನೊಂದು ಕೂಡುತ್ತವೆ ಎಂದು ಅಮೆರಿಕದ ಎಮನ್ಸ್ 1951ರಲ್ಲಿ ತೋರಿಸಿದ್ದರು. ಎಳೆಮಳೆಯಲ್ಲಿ ಒಣನೆಲ ತೋಯುವ ರೀತಿ ಅದು. ಮಚ್ಚೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಪ್ರವಾಹದ ಹಾದಿಯ ಒಂದು ನಿರ್ದಿಷ್ಟ ಸ್ಥಾನದ ಆಸುಪಾಸಿನಲ್ಲಿ ಕೇಂದ್ರೀಕೃತವಾಗಿ ಹುಟ್ಟುತ್ತವೆ ಎಂದು 1957ರಲ್ಲಿ ನರಸಿಂಹ ಮಂಡಿಸಿದರು. ಯಾವ ಜಾಗದಲ್ಲಿ ಎಷ್ಟು ಕಾಲಾಂಶ ಪ್ರವಾಹ ಸುಳಿಗಟ್ಟಿರುತ್ತದೆ ಎಂದು ಹೇಳುವ ವಕ್ರರೇಖೆ ಅದರಿಂದ ದೊರೆಯಿತು. ಮರುವರ್ಷ ಧವನ್ ಮತ್ತು ನರಸಿಂಹ ಜೊತೆಯಾಗಿ ಪ್ರಕಟಿಸಿದ ಪ್ರಬಂಧವನ್ನು ಜೆಟ್ ಎಂಜಿನ್ನಿನ ಅಲಗುಗಳನ್ನು ರೂಪಿಸುವವರು ಮುಂದೆಯೂ ಬಳಸುತ್ತ ಬಂದರು. ಧವನ್ ಮುಂದೆ ಇಸ್ರೋದ ಅಧ್ಯಕ್ಷರಾದುದು ಎಲ್ಲ ಮಕ್ಕಳಿಗೂ ಗೊತ್ತು; ಈ ಕೆಲಸ ಗೊತ್ತಿರುವುದಿಲ್ಲ. ನರಸಿಂಹರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನ ಬರೆದವರು ಎಂಬುದನ್ನೂ ಕನ್ನಡ ಮಾಧ್ಯಮದ ತರಗತಿಯಲ್ಲಿ ಹೇಳಬೇಕು.

ಕಾಣದ್ದನ್ನು ಕಾಣುವುದು

ವಿಮಾನದ ಮೂತಿಯಲ್ಲಿರುವ ರಾಡಾರು ಮೋಡದ ನೀರಹನಿಗಳನ್ನು ಕಾಣುತ್ತದೆ. ತಿಳಿಗಾಳಿಯ ಸುಳಿಯನ್ನು ಕಾಣಲಾರದು. ಗಾಳಿಯ ಸೂಕ್ಷ್ಮ ಧೂಳಿನಿಂದ ಚದರಿ ಮರಳುವ ಲೇಸರ್ ಬೆಳಕನ್ನು ಗಮನಿಸಿ ಮುಂದಿನ ಸುಳಿಯನ್ನು ಅರಿಯುವ ಉಪಕರಣವನ್ನು ಜಪಾನಿನ ಬಾಹ್ಯಾಕಾಶ ಸಂಸ್ಥೆ ನಿರ್ಮಿಸಿತು. ಅದನ್ನು 2018ರಲ್ಲಿ ಬೋಯಿಂಗ್ 777ರಲ್ಲಿ ಪರೀಕ್ಷಿಸಲಾಯಿತು. ಸದ್ಯಕ್ಕೆ ಹೆಚ್ಚು ಉಪಯುಕ್ತವಾಗಿರುವುದು ಮುಂದೆ ಹೋದ ವಿಮಾನದ ಅನುಭವ. ಹಿಂದೆ ಚಾಲಕರು "ಸಾಧಾರಣ", "ತೀವ್ರ" ಎಂದು ಮಾತಿನಲ್ಲಿ ತಿಳಿಸುತ್ತಿದ್ದರು. ಆದರೆ ಸಣ್ಣ ವಿಮಾನಕ್ಕೆ ತೀವ್ರವಾದದ್ದು ದೊಡ್ಡದಕ್ಕೆ ಸಾಧಾರಣ. ಆದ್ದರಿಂದ ವಿಮಾನದ ಬದಲು ಗಾಳಿಯನ್ನೇ ಅಳೆಯುವ ಮಾನ ಬೇಕಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಒಪ್ಪಿಕೊಂಡ ಮಾನ ಸುಳಿಗಳ ಶಕ್ತಿನಾಶದ ದರವನ್ನು ಆಧರಿಸಿದ್ದು. ಕೊಲ್ಮೊಗೊರೋವ್ 1941ರಲ್ಲಿ ಕಾಗದದ ಮೇಲೆ ಬರೆದ ಅದೇ ದರದ ಘನಮೂಲವನ್ನು ಇಂದು ಹಾರುವ ವಿಮಾನಗಳು ತಾವಾಗಿ ಲೆಕ್ಕ ಹಾಕಿ ಕಳುಹಿಸುತ್ತವೆ.

ಈ ಅಳತೆಗಳ ಅಗತ್ಯ ಹೆಚ್ಚುತ್ತಿದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಉತ್ತರ ಅಟ್ಲಾಂಟಿಕ್ ಮೇಲಿನ ಒಂದು ಸಾಮಾನ್ಯ ಸ್ಥಳದಲ್ಲಿ ತೀವ್ರ ತಿಳಿಗಾಳಿ ಪ್ರಕ್ಷುಬ್ಧತೆ ಇರುವ ಅವಧಿ 1979ರಲ್ಲಿ ವರ್ಷಕ್ಕೆ 17.7 ಗಂಟೆಗಳಿದ್ದುದು 2020ರ ವೇಳೆಗೆ 27.4 ಗಂಟೆಗಳಾಗಿದೆ. ವಾತಾವರಣ ಕಾಯುವಾಗ ಜೆಟ್ ಸ್ಟ್ರೀಮಿನ ಪದರಗಳ ನಡುವಣ ವೇಗವ್ಯತ್ಯಾಸ ಹೆಚ್ಚುತ್ತಿರುವುದು ಇದಕ್ಕೆ ಕಾರಣವೆಂದು ಅವರು ಹೇಳುತ್ತಾರೆ. ವರ್ಷದ 8,760 ಗಂಟೆಗಳಲ್ಲಿ ಇಪ್ಪತ್ತೇಳು ಗಂಟೆ ಬಹಳ ಕಡಿಮೆ ಎಂಬುದನ್ನೂ ಅದರ ಜೊತೆಗೇ ಹೇಳಬೇಕು. ಇಲ್ಲವಾದರೆ ಅಂಕಿಯು ಭಯವನ್ನು ಮಾತ್ರ ಹುಟ್ಟಿಸುತ್ತದೆ. 2009ರಿಂದ 2018ರವರೆಗೆ ಅಮೆರಿಕದ ವಿಮಾನ ಸಂಸ್ಥೆಗಳ ಅಪಘಾತಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿನವು ಪ್ರಕ್ಷುಬ್ಧತೆಯಿಂದಾದವು ಎಂದು ಅಲ್ಲಿನ ತನಿಖಾ ಮಂಡಳಿ ಲೆಕ್ಕ ಮಾಡಿದೆ. ಅವುಗಳಲ್ಲಿ ಬಹುಪಾಲಿನಲ್ಲಿ ವಿಮಾನಕ್ಕೆ ಏನೂ ಆಗಲಿಲ್ಲ. ಒಳಗಿದ್ದವರಿಗೆ ತೀವ್ರ ಗಾಯಗಳಾದವು. ರಜೆ ಮುಗಿಸಿ ಮರಳಿ ಹೊರಡುವ ತಂದೆಗೆ ಮಗು ಈ ಒಂದು ಸಂಗತಿಯನ್ನು ಹೇಳಿ, ದೀಪ ಆರಿದ ಮೇಲೂ ಬೆಲ್ಟ್ ಕಟ್ಟಿಕೊಂಡೇ ಇರು ಎಂದರೆ ಸಾಕು.

ತರಗತಿಯ ಪ್ರಯೋಗ

ಒಂದು ಊದುಬತ್ತಿ, ಕಪ್ಪು ಬಟ್ಟೆ, ಟಾರ್ಚು ಮತ್ತು ಅಳತೆಪಟ್ಟಿ ಸಾಕು. ಫ್ಯಾನ್ ನಿಲ್ಲಿಸಿ, ಕಿಟಕಿ ಬಾಗಿಲು ಮುಚ್ಚಿ, ಊದುಬತ್ತಿಯನ್ನು ನೆಟ್ಟಗೆ ನಿಲ್ಲಿಸಿ ಹಚ್ಚಬೇಕು. ಹಿಂದೆ ಕಪ್ಪು ಬಟ್ಟೆ ಕಟ್ಟಿ, ಬದಿಯಿಂದ ಟಾರ್ಚ್ ಬಿಟ್ಟರೆ ಹೊಗೆ ಮೊದಲು ದಾರದಂತೆ ನೇರವಾಗಿ ಏರಿ, ಒಂದು ಎತ್ತರದಲ್ಲಿ ತೊನೆದು, ಸುಳಿಗಳಾಗಿ ಒಡೆಯುವುದು ಕಾಣುತ್ತದೆ. ಒಡೆಯುವ ಎತ್ತರವನ್ನು ಹತ್ತು ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರಂತೆ ಅಳೆದು ಬರೆಯಲಿ. ಅನಂತರ ಬಾಗಿಲನ್ನು ಸ್ವಲ್ಪ ತೆರೆದು ಮತ್ತೆ ಹತ್ತು ಅಳತೆಗಳನ್ನು ತೆಗೆದುಕೊಳ್ಳಲಿ. ಒಂದೇ ಸ್ಥಿತಿಯಲ್ಲಿ ಪಡೆದ ಹತ್ತು ಅಳತೆಗಳೂ ಬೇರೆ ಬೇರೆಯಾಗಿರುತ್ತವೆ. ತಪ್ಪಾಯಿತೆಂದು ಮಕ್ಕಳು ಪಕ್ಕದವರ ಅಂಕಿಯನ್ನು ನೋಡಿ ತಮ್ಮದನ್ನು ಅಳಿಸಲು ಹೋಗುತ್ತಾರೆ. ಅಳಿಸಲು ಬಿಡಬಾರದು. ಹತ್ತನ್ನೂ ಹಾಗೆಯೇ ಹಲಗೆಯ ಮೇಲೆ ಬರೆಯಿಸಿ, ಸರಾಸರಿ ತೆಗೆಸಿ, ಮರುದಿನ ಅದೇ ಕೋಣೆಯಲ್ಲಿ ಅದೇ ಊದುಬತ್ತಿಯಿಂದ ಇನ್ನೊಮ್ಮೆ ಸರಾಸರಿ ತೆಗೆಸಿ ಎರಡನ್ನೂ ಅಕ್ಕಪಕ್ಕ ಇಡಿಸಬೇಕು.